ಹಗ್ಗದಾಚೆ ಮಾತಾಡಬಾರದು

ನೀರು ಮೇಲಿನಿಂದ ಕೆಳಕ್ಕೆ ಬೀಳುವುದನ್ನು ನೋಡಲು ಜನ ಯಾಕೆ ಅಷ್ಟು ದೂರ ಹೋಗುತ್ತಾರೋ ನನಗಂತೂ ಗೊತ್ತಿಲ್ಲ. ನಮ್ಮ ಬಚ್ಚಲಿನಲ್ಲೂ ಅದು ಹಾಗೇ ಬೀಳುತ್ತದೆ. ಬೇಕಾದರೆ ಬಿಸಿಯಾಗಿಯೂ ಬೀಳುತ್ತದೆ. ಆದರೆ ನಮ್ಮತ್ತೆ "ನಾನು ಜಲಪಾತ ನೋಡ್ಲೇಬೇಕು" ಅಂತ ಹಠ ಹಿಡಿದು ಕೂತಾಗ ಇದನ್ನೆಲ್ಲ ಅವರಿಗೆ ವಿವರಿಸುವಷ್ಟು ಗುಂಡಿಗೆ ನನಗಿರಲಿಲ್ಲ.

ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸುತ್ತೇನೆ. ಹೆಸರು ಅವರಿಗೆ, ಪ್ಲಾಸ್ಟರ್ ಧೂಳು ನನಗೆ. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಮಾವ ಹೋದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಬಂದವರೇ ಮೊದಲು ಮಾಡಿದ ಕೆಲಸ ನನ್ನ ಮೇಜಿನ ಎದುರು ಕೂತು ಬಾಯಿ ತೆರೆದದ್ದು.

"ಅಳಿಯಂದ್ರೇ, ನನಗೊಂದು ಮೇಲಿನ ಸೆಟ್ಟು ಮಾಡ್ಕೊಡಿ. ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಇರ್ಬೇಕು."

"ಸಂದಾ? ಅತ್ತೆ, ಜನ ಸಂದು ಮುಚ್ಚಿಸ್ಕೊಳ್ಳೋಕೆ ನನ್ನ ಹತ್ರ ಬರ್ತಾರೆ."

"ಜನಕ್ಕೆ ಬುದ್ಧಿ ಇಲ್ಲ. ನೀವು ಸಂದು ಬಿಡಿ."

ಬಿಟ್ಟೆ. ಅಷ್ಟಕ್ಕೇ ಮುಗಿಯಲಿಲ್ಲ. ಹಲ್ಲು ಸ್ವಲ್ಪ ಉದ್ದ ಬೇಕಂತೆ, ಸ್ವಲ್ಪ ಮುಂದೆ ಬೇಕಂತೆ, ವಯಸ್ಸಿನಲ್ಲಿದ್ದಾಗ ಹಾಗೇ ಇತ್ತಂತೆ. ಅಷ್ಟು ಮುಂದೆ ಕೂರಿಸಿದರೆ ಜೋರಾಗಿ ನಕ್ಕಾಗ ಕಳಚಿಕೊಳ್ಳುತ್ತದೆ ಅಂದೆ. "ನಾನು ಯಾವಾಗ ನಕ್ಕಿದ್ದು ನೋಡಿದ್ದೀರಾ?" ಅಂದರು. ಅದು ಮಾತ್ರ ನಿಜ. ನಮ್ಮ ಮದುವೆಯ ಫೋಟೋದಲ್ಲೂ ಅವರು ಕರೆಂಟ್ ಬಿಲ್ಲು ನೋಡುತ್ತಿರುವವರ ಹಾಗೆ ನಿಂತಿದ್ದಾರೆ.

ಹಲ್ಲಿಗೂ ಜಲಪಾತಕ್ಕೂ ಏನು ಸಂಬಂಧ ಅನ್ನುವುದು ನನಗೆ ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು. ಅತ್ತೆಗೊಬ್ಬ ಅಕ್ಕ. ಆ ಜಲಪಾತದ ಊರಿನಲ್ಲೇ ಇಬ್ಬರೂ ಹುಟ್ಟಿ ಬೆಳೆದವರು. ನಮ್ಮ ಮಾವ ಕಲ್ಲು ಗುತ್ತಿಗೆದಾರ. ಜಲಪಾತದ ಕಣಿವೆಯ ಬಂಡೆ ಸಿಡಿಸಿ ಜಲ್ಲಿ ಮಾಡುವ ಕೆಲಸ ಅವರ ಪಾಲಿಗೆ ಬಂತು. ಊರವರು ತಿರುಗಿಬಿದ್ದರು. ಅತ್ತೆಯ ಅಕ್ಕ, ಅಂದರೆ ನನ್ನ ಹೆಂಡತಿಗೆ ದೊಡ್ಡಮ್ಮ, ಬೈರಿಗೆ ಯಂತ್ರದ ಮುಂದೆ ಛತ್ರಿ ಹಿಡಿದು ಬಂಡೆಯ ಮೇಲೆ ಕೂತುಬಿಟ್ಟರು. ಅದೇ ಹೊತ್ತಿಗೆ ಅತ್ತೆ ಗಂಡನಿಗೆ ಊಟದ ಡಬ್ಬಿ ತಂದಿದ್ದರಂತೆ. "ನೀನಾದ್ರೂ ನಿನ್ನ ಗಂಡನಿಗೆ ಹೇಳೇ" ಅಂದರಂತೆ ಅಕ್ಕ. ಅತ್ತೆ ಡಬ್ಬಿ ಹಿಡಿದುಕೊಂಡು ನಿಂತರು, ತುಟಿ ಪಿಟಕ್ಕೆನ್ನಲಿಲ್ಲ. "ಇವತ್ತು ಬಾರದ ಮಾತು ನನಗಿನ್ನು ಯಾವತ್ತೂ ಬೇಡ" ಅಂದರು ಅಕ್ಕ. ಊರು ಗೆದ್ದಿತು, ಯಂತ್ರ ವಾಪಸ್ಸಾಯಿತು, ಕಣಿವೆ ಉಳಿಯಿತು. ಅಕ್ಕತಂಗಿಯರ ಮಾತು ಮಾತ್ರ ಉಳಿಯಲಿಲ್ಲ. ನನ್ನ ಹೆಂಡತಿ ಆಗ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಈಗ ಅವಳ ಕೂದಲಿಗೆ ಬಣ್ಣ ಹಚ್ಚುವುದು ನನ್ನ ಭಾನುವಾರದ ಕೆಲಸ. ಅಷ್ಟು ಕಾಲವಾಗಿತ್ತು.

"ಹಾಗಾದ್ರೆ ಫೋನ್ ಮಾಡಿ ಮಾತಾಡ್ಬಿಡಿ ಅತ್ತೆ, ಮುಗೀತಲ್ಲ" ಅಂದೆ.

"ನಾನ್ಯಾಕೆ ಮೊದಲು ಮಾತಾಡ್ಲಿ? ಮಾತು ಬೇಡ ಅಂದವಳು ಅವಳು. ಅವಳೇ ಕರೀಬೇಕು." ಆಮೇಲೆ ಮೇಜಿನ ಮೇಲಿನ ಮೇಣವನ್ನು ಉಗುರಿನಲ್ಲಿ ಕೆರೆಯುತ್ತ ಅಂದರು: "ಚಿಕ್ಕವಳಿದ್ದಾಗ ನನ್ನ ಮಿಡತೆ ಅಂತಿದ್ಲು. ಕೂತಲ್ಲಿ ಕೂರ್ತಿರ್ಲಿಲ್ಲ ನೋಡಿ, ಅದಕ್ಕೆ. ನನ್ನನ್ನ ಹಾಗೆ ಕರೆಯೋರು ಭೂಮಿ ಮೇಲೆ ಈಗ ಅವಳೊಬ್ಬಳೇ ಇರೋದು. ಒಂದ್ಸಲ ಕರೆದ್ಲು ಅಂದ್ರೆ ಸಾಕು ಅಳಿಯಂದ್ರೇ, ನನಗೆ ಬೇರೇನೂ ಬೇಡ."

ಅದನ್ನು ಕೇಳಿದ ಮೇಲೂ ಬಚ್ಚಲಿನ ಮಾತೆತ್ತಲು ನಾನೇನು ಕಲ್ಲು ಗುತ್ತಿಗೆದಾರನೇ? ಕಾರು ತೆಗೆದೆ.

ಕಣಿವೆಯ ಬಾಯಲ್ಲಿ ಒಂದು ಚಹಾದಂಗಡಿ. ಚಹಾದಂಗಡಿಯವರೇ ಸಮಿತಿಯ ಅಧ್ಯಕ್ಷರು. ಊರಿನ ಮನೆಗಳು ಪಾಳಿಯ ಮೇಲೆ ಕಣಿವೆ ಕಾಯುತ್ತವಂತೆ, ಕಾವಲಿನವರಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಅಧ್ಯಕ್ಷರು ನಮ್ಮ ಚೀಲ ಜಾಲಾಡಿ, ಬಿಸ್ಕತ್ತು, ಬಾಟಲಿ, ನನ್ನ ಜೇಬಿನ ಶೇಂಗಾ, ಎಲ್ಲವನ್ನೂ ಕಿತ್ತಿಟ್ಟುಕೊಂಡರು. ಶೇಂಗಾವನ್ನು ಅಲ್ಲೇ ತಿನ್ನಲು ಶುರು ಮಾಡಿದರು ಕೂಡ.

"ಇವತ್ತು ಅಕ್ಕೋರ ಪಾಳಿ. ಹುಷಾರಾಗಿರಿ" ಅಂದರು. "ಅಲ್ಲಿ ನೀಲಿ ಹಗ್ಗ ಕಾಣ್ತಿದೆಯಲ್ಲ, ಅದರಾಚೆ ಒಂದು ಮಾತೂ ಆಡೋ ಹಾಗಿಲ್ಲ. ಹಕ್ಕಿ ಮೊಟ್ಟೆ ಇಟ್ಟಿವೆ, ಗಾಬರಿಯಾದ್ರೆ ಗೂಡು ಬಿಟ್ಟು ಹೋಗ್ತವೆ. ಬಾಯಿ ಬಿಟ್ಟವರು ಮರಿ ಹಾರೋವರೆಗೂ ಹಗ್ಗ ದಾಟೋ ಹಾಗಿಲ್ಲ. ಹೋದ ವರ್ಷ ನಾನು ಸೀನಿದ್ದಕ್ಕೆ ನನ್ನನ್ನೇ ಹೊರಗೆ ಹಾಕಿದ್ರು. ಅಧ್ಯಕ್ಷ ಸ್ವಾಮಿ ನಾನು! ಸೀನು ಮಾತಾ? ನೀವೇ ಹೇಳಿ."

ಅಷ್ಟರಲ್ಲಿ ಹಗ್ಗದ ಕಡೆಯಿಂದ ದೊಡ್ಡಮ್ಮ ಬಂದರು. ಒಣಗಿದ ನುಗ್ಗೆಕಾಯಿಯಂಥ ಮೈ, ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲೊಂದು ಕೋಲು. ಕಣಿವೆಯ ಮೇಲಿನ ಕಾವಲು ಮನೆಯಲ್ಲಿ ಒಬ್ಬರೇ ಇರುವುದಂತೆ. ಆ ಮನೆಗೆ ಹೋಗಲು ಹಗ್ಗದಾಚೆಯ ದಾರಿಯೊಂದೇ. ಅವರು ತಂಗಿಯನ್ನು ನೋಡಿದರು. ತಂಗಿ ಬೇಕಂತಲೇ ತುಟಿ ಅಗಲಿಸಿ, ನಾನು ಮಾಡಿಕೊಟ್ಟ ಅಷ್ಟೂ ಹಲ್ಲು ಕಾಣುವ ಹಾಗೆ ನಿಂತರು. ದೊಡ್ಡಮ್ಮನ ಕಣ್ಣು ಆ ಸಂದಿನ ಮೇಲೆ ಒಂದು ಗಳಿಗೆ ನಿಂತಿತು. ಅವರೂ ಬಾಯಿ ತೆರೆದರು. ನೋಡಿದರೆ ಅವರ ಮುಂದಿನ ಹಲ್ಲಿನ ಮಧ್ಯೆಯೂ ಅದೇ ಸಂದು! ಅದಂತೂ ದೇವರೇ ಬಿಟ್ಟ ಸಂದು, ನನ್ನದಕ್ಕಿಂತ ನಾಜೂಕಾಗಿತ್ತು.

"ಬಂದವರೆಲ್ಲ ಕೇಳಿಸ್ಕೊಳ್ಳಿ" ಅಂದರು ದೊಡ್ಡಮ್ಮ, ನಮ್ಮ ಹಿಂದಿದ್ದ ಮರಕ್ಕೆ. "ನನ್ನ ಹಿಂದೆ ಬರ್ಬೇಕು. ಏನೂ ಮುಟ್ಟಬಾರ್ದು, ಏನೂ ತೆಗೀಬಾರ್ದು, ನೀರಿಗಿಳೀಬಾರ್ದು. ಅಂಗೈ ಹೀಗೆ ಕೆಳಗೆ ಮಾಡಿದ್ರೆ, ಇದ್ದಿದ್ದು ಇದ್ದಲ್ಲೇ ಇರ್ಲಿ ಅಂತ ಅರ್ಥ."

ನಾನು ಖುಷಿಯಿಂದ ಅತ್ತೆಯ ಕಿವಿಯಲ್ಲಿ, "ನೋಡಿ, ಅವರೇ ಮೊದಲು ಮಾತಾಡಿದ್ರು" ಅಂದೆ.

"ಅದು ನನ್ನ ಹತ್ರ ಅಲ್ಲ, ಸಾರ್ವಜನಿಕರ ಹತ್ರ" ಅಂದರು ಅತ್ತೆ.

ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಜಗಮೊಂಡಿಗಳು. ಹಗ್ಗ ದಾಟಿದೆವು. ಮಾತಾಡಲೆಂದು ಬಂದವರಿಗೂ ಮಾತು ಬೇಡವೆಂದವರಿಗೂ ಈಗ ಒಟ್ಟಿಗೆ ಬಾಯಿಗೆ ಬೀಗ. ಎರಡೂ ಕಡೆ ಕಡಿದಾದ ಬಂಡೆ, ಮಧ್ಯೆ ಒಬ್ಬರೇ ನಡೆಯುವಷ್ಟು ದಾರಿ. ದೊಡ್ಡಮ್ಮ ಮುಂದೆ, ಅವರ ಬೆನ್ನಿಗೆ ಅತ್ತೆ, ಆಮೇಲೆ ನನ್ನ ಹೆಂಡತಿ, ಕೊನೆಗೆ ಶೇಂಗಾ ಕಳೆದುಕೊಂಡ ನಾನು. ಹೆಂಡತಿ ಬಗ್ಗಿ ನುಣುಪಾದ ಒಂದು ಬೆಣಚುಕಲ್ಲು ಎತ್ತಿಕೊಂಡಳು. ದೊಡ್ಡಮ್ಮ ತಿರುಗಿಯೂ ನೋಡದೆ ಅಂಗೈ ಕೆಳಗೆ ಮಾಡಿದರು. ಬೆನ್ನಲ್ಲಿ ಕಣ್ಣಿದ್ದವೋ ಏನೋ. ಅವಳು ಕಲ್ಲನ್ನು ಮೊದಲಿದ್ದ ಗುಳಿಯಲ್ಲೇ, ಮೊದಲಿದ್ದ ಮಗ್ಗುಲಲ್ಲೇ ಮಲಗಿಸಿದಳು. ಮನೆಯಲ್ಲಿ ನನ್ನ ಚಪ್ಪಲಿಯನ್ನು ಅವಳು ಒಂದು ದಿನವೂ ಅಷ್ಟು ಜೋಪಾನವಾಗಿ ಇಟ್ಟಿಲ್ಲ.

ದಾರಿ ತಿರುಗಿತು, ಜಲಪಾತ ಕಂಡಿತು. ಹೂಂ, ಒಪ್ಪಿಕೊಳ್ಳುತ್ತೇನೆ, ನಮ್ಮ ಬಚ್ಚಲಿಗಿಂತ ಸ್ವಲ್ಪ ಚೆನ್ನಾಗಿತ್ತು. ಕತ್ತು ನೋಯುವಷ್ಟು ಎತ್ತರದಿಂದ ನೀರು ಬಿಳಿಯಾಗಿ ಇಳಿದು ಹಸಿರು ಕೊಳದಲ್ಲಿ ಸೇರುತ್ತಿತ್ತು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರೆ ಅದು ಮಾತ್ರ ಭೋರೆಂದು ಅರಚುತ್ತಿತ್ತು. ಅದಕ್ಕೆ ಯಾವ ಸಮಿತಿಯೂ ನೋಟಿಸು ಕೊಟ್ಟಿರಲಿಲ್ಲ.

ದೊಡ್ಡಮ್ಮ ಕೋಲೆತ್ತಿ ಪಕ್ಕದ ಬಂಡೆಯನ್ನು ತೋರಿಸಿದರು. ಬಂಡೆಯ ತುಂಬ ಸಾಲಾಗಿ ದುಂಡನೆಯ ತೂತುಗಳು, ಒಂದೊಂದರಲ್ಲೂ ಕೈ ತೂರಿಸಬಹುದು. ಮಾವನ ಬೈರಿಗೆ ಕೊರೆದ ತೂತುಗಳು. ಸಿಡಿಮದ್ದು ತುಂಬುವ ಮೊದಲೇ ಕೆಲಸ ನಿಂತಿತ್ತು. ಈಗ ಆ ತೂತಿನಿಂದೊಂದು, ಈ ತೂತಿನಿಂದೊಂದು ಪುಟ್ಟ ಹಕ್ಕಿಯ ತಲೆ ಇಣುಕುತ್ತಿತ್ತು. ಬದುಕಿಡೀ ಒಡೆಯುವುದೇ ಕಸುಬಾಗಿದ್ದ ಮನುಷ್ಯ ಕಟ್ಟಿಸಿದ್ದು ಅದೊಂದೇ ಬಡಾವಣೆ. ಬಾಡಿಗೆ ಬರುವ ಹಾಗಿರಲಿಲ್ಲ ಅಷ್ಟೆ.

ಆಮೇಲೆ ದೊಡ್ಡಮ್ಮ ಶುರು ಮಾಡಿದರು ನೋಡಿ. ಬಂದವರಿಗೆಲ್ಲ ಆ ತೂತುಗಳ ಕಥೆಯನ್ನು ಅವರು ಬಾಯಿಲ್ಲದೆ ಅಭಿನಯಿಸಿಯೇ ತೋರಿಸುವುದಂತೆ. ಇವತ್ತು ಎದುರಿಗೆ ನಿಂತದ್ದು ಸತ್ತವನ ಹೆಂಡತಿ, ಮಗಳು, ಅಳಿಯ. ಬಿಟ್ಟರೇ? ಕೋಲನ್ನು ಒಂದು ಕಡೆ ಒರಗಿಸಿ, ಇಲ್ಲದ ಹೊಟ್ಟೆಯನ್ನು ಮುಂದೆ ತಂದರು, ಇಲ್ಲದ ಮೀಸೆ ತಿರುವಿದರು. ಎರಡೂ ಕೈಯಿಂದ ಇಲ್ಲದ ಪ್ಯಾಂಟು ಮೇಲೆಳೆದುಕೊಂಡರು, ಅದು ಜಾರಿತು, ಮತ್ತೆ ಎಳೆದುಕೊಂಡರು. ಅಯ್ಯಯ್ಯೋ, ನಮ್ಮ ಮಾವನೇ ಎದ್ದು ಬಂದ ಹಾಗಿತ್ತು! ನನ್ನ ನಿಶ್ಚಿತಾರ್ಥದ ದಿನ ಅವರು ಹಾಗೆ ಎಷ್ಟು ಸಲ ಪ್ಯಾಂಟು ಎಳೆದುಕೊಂಡರೋ, ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಆಮೇಲೆ ಬೈರಿಗೆ ಹಿಡಿದವರ ಹಾಗೆ ದೊಡ್ಡಮ್ಮನ ಮೈಯೆಲ್ಲ ಗಡಗಡ ನಡುಗಿತು, ಗಲ್ಲ ಕುಣಿಯಿತು, ಪ್ಯಾಂಟು ಇನ್ನೊಮ್ಮೆ ಜಾರಿತು.

ಹೆಂಡತಿಯ ಮುಖ ಕೆಂಪಾಯಿತು. ಅಪ್ಪನ ಮಾತು ಬಂದರೆ ಅವಳು ಯಾರನ್ನೂ ಬಿಡುವವಳಲ್ಲ. ಸತ್ತವರನ್ನು ಹೀಗೆ ಆಡಿಕೊಳ್ಳುವುದು ನನಗೂ ಸರಿಕಾಣಲಿಲ್ಲ. ಮೆಲ್ಲನೆ ಅತ್ತೆಯ ಕಡೆ ತಿರುಗಿದೆ. ಅತ್ತೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ, ಮುಗಿಯಿತು ಕಥೆ, ಅಂದುಕೊಂಡೆ. ಕೈ ಜಾರಿತು, ಮುಖ ಕಂಡಿತು. ನಗುತ್ತಿದ್ದರು! ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಯಿ ಇನ್ನಷ್ಟು ಅಗಲವಾಯಿತು, ನಾನು ಮೊದಲೇ ಹೇಳಿದ್ದಂತೆಯೇ ನನ್ನ ಕೈಕೆಲಸ ಕಳಚಿಕೊಂಡು ಹಾರಿತು. ಬಂಡೆಯ ಮೇಲೆ ಒಮ್ಮೆ ಪುಟಿದು ಕೊಳಕ್ಕೆ ಬಿತ್ತು.

ಅತ್ತೆ ಹಲ್ಲಿನ ಹಿಂದೆಯೇ ಜಿಗಿದರು. ಪಾಚಿಯ ಮೇಲೆ ಕಾಲು ಸರ್ರೆಂದಿತು.

"ಏಯ್ ಮಿಡತೇ! ಬೀಳ್ತೀಯಾ ಕಣೇ!"

ಆ ಕೂಗು ಜಲಪಾತದ ಭೋರನ್ನೂ ಸೀಳಿತು. ದೊಡ್ಡಮ್ಮ ಅತ್ತೆಯ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆಳೆದರು. ಇಬ್ಬರೂ ದಾರಿಯ ಮೇಲೆ ಕುಕ್ಕರಿಸಿದರು. ಬಂಡೆಯಿಂದ ಬಂಡೆಗೆ ತಾಗಿ ಮಿಡತೇ, ಮಿಡತೇ ಅಂತ ಕಣಿವೆಯೆಲ್ಲ ಕರೆಯಿತು. ಅಷ್ಟೂ ತೂತುಗಳಿಂದ ಹಕ್ಕಿಗಳು ಬರ್ರೆಂದು ಎದ್ದವು. ದೊಡ್ಡಮ್ಮ ತಲೆಯೆತ್ತಿ ನೋಡುತ್ತ, ಗರ ಬಡಿದವರ ಹಾಗೆ ಕೂತಿದ್ದರು. ಹಕ್ಕಿಗಳು ಮೇಲೊಂದು ಸುತ್ತು ಹಾಕಿದವು, ಇನ್ನೊಂದು ಸುತ್ತು ಹಾಕಿದವು, ಒಂದೊಂದಾಗಿ ತಮ್ಮ ತಮ್ಮ ತೂತಿಗೇ ಮರಳಿದವು. ಆಮೇಲೆಯೇ ಆ ಹೆಂಗಸು ಉಸಿರು ಬಿಟ್ಟದ್ದು.

ನಾನು ಪ್ಯಾಂಟು ಮಡಚಿ ಕೊಳದ ಕಡೆ ಹೊರಟೆ. ತಿಳಿನೀರಿನ ತಳದಲ್ಲಿ ನನ್ನ ಸೆಟ್ಟು ನನ್ನನ್ನೇ ನೋಡಿ ಹಲ್ಲುಕಿರಿಯುತ್ತಿತ್ತು. ದೊಡ್ಡಮ್ಮ ಕೂತಲ್ಲಿಂದಲೇ ಅಂಗೈ ಕೆಳಗೆ ಮಾಡಿದರು. ಇದ್ದಿದ್ದು ಇದ್ದಲ್ಲೇ ಇರಲಿ.

ಚಹಾದಂಗಡಿಯಲ್ಲಿ ಪಂಚಾಯಿತಿ ಸೇರಿತು. ಕೂಗು ಅಲ್ಲಿಯವರೆಗೂ ಕೇಳಿಸಿತ್ತು. ಅಧ್ಯಕ್ಷರ ಮುಖದಲ್ಲಿ ಮದುವೆ ಕಳೆ.

"ಅಕ್ಕೋರೇ, ನಾನು ಬರೀ ಸೀನಿದ್ದೆ" ಅಂದರು. ಆದರೂ ಒಳ್ಳೆಯ ಮನುಷ್ಯ, ದನಿ ತಗ್ಗಿಸಿ ಸೇರಿಸಿದರು: "ಹೋಗ್ಲಿ ಬಿಡಿ. ಜೀವ ಉಳಿಸೋಕೆ ಕೂಗಿದ್ದು. ಹಕ್ಕಿನೂ ವಾಪಸ್ ಬಂದ್ವಲ್ಲ. ಯಾರೂ ಏನೂ ಅನ್ನಲ್ಲ."

"ನಾನು ಅಂತೀನಿ" ಅಂದರು ದೊಡ್ಡಮ್ಮ. "ಬಾಯಿ ಬಿಟ್ಟವರು ಹಗ್ಗದ ಹೊರಗೆ. ನನಗೊಂದು, ನಿನಗೊಂದು ನಿಯಮ ಇಲ್ಲ."

"ಹೊರಗೆ ಅಂದ್ರೆ ಎಲ್ಲಿಗೆ ಹೋಗ್ತೀರಿ? ನಿಮ್ಮ ಮನೆ ಇರೋದೇ ಹಗ್ಗದ ಒಳಗೆ!"

ದೊಡ್ಡಮ್ಮ ಹಗ್ಗದ ಕಡೆ ತಿರುಗಿದರು. ಎಲ್ಲರಿಗೂ ಹಗ್ಗ ಕಟ್ಟಿದವರಿಗೆ ತಮ್ಮ ಮನೆ ಯಾವ ಕಡೆಗಿದೆ ಅನ್ನುವುದು ಆಗಷ್ಟೇ ನೆನಪಾಯಿತು. ಊರಿನಲ್ಲಿ ಇಪ್ಪತ್ತು ಮನೆಯವರು ಬಾ ಅನ್ನುತ್ತಿದ್ದರು. ಆದರೆ ಅತ್ತೆ ಬೊಚ್ಚುಬಾಯಲ್ಲಿ, ಯಾರಿಗೂ ಅವಕಾಶ ಕೊಡದೆ, "ಅಳಿಯಂದ್ರೇ, ಕಾರಿನ ಹಿಂದಿನ ಬಾಗಿಲು ತೆಗೀರಿ" ಅಂದರು.

"ಮತ್ತೆ ಆ ಹಲ್ಲು?" ಅಂತ ನಾನು ಕೇಳಿದೆ. ಆ ಹೊತ್ತಿನಲ್ಲಿ ಅದನ್ನು ನೆನಪಿಟ್ಟವನು ನಾನೊಬ್ಬನೇ.

"ಮರಿ ಹಾರೋವರೆಗೆ ಯಾರೂ ನೀರಿಗಿಳಿಯೋ ಹಾಗಿಲ್ಲ" ಅಂದರು ಅಧ್ಯಕ್ಷರು. "ಪ್ಲಾಸ್ಟಿಕ್ಕು ತಾನೇ, ಕೊಳೆಯಲ್ಲ ಬಿಡಿ." ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರೆ. ನನ್ನ ಶೇಂಗಾವನ್ನಾದರೂ ಕೊಡುತ್ತಾರೇನೋ ಅಂತ ನೋಡಿದೆ, ಪೊಟ್ಟಣ ಖಾಲಿಯಾಗಿತ್ತು.

ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಕೂತರು, ಕಾರು ಊರು ದಾಟಿತು. ಆಮೇಲೆ ದೊಡ್ಡಮ್ಮ ಕೇಳಿದರು: "ಆವತ್ತು ಯಾಕೆ ಒಂದು ಮಾತೂ ಆಡ್ಲಿಲ್ಲ ನೀನು?"

"ಹೆದರಿಕೆ ಆಯ್ತು ಅಕ್ಕಾ" ಅಂದರು ಅತ್ತೆ. "ಬಾಯಿ ಬಿಟ್ಟಿದ್ರೆ ನಿನ್ನ ಪಕ್ಕ ಬಂದು ಕೂರ್ತಿದ್ದೆ. ಆಮೇಲೆ ಮನೆಗೆ ಹೋಗೋದು ಹೇಗೆ? ಇವಳಿನ್ನೂ ಚಿಕ್ಕವಳು."

ಇವಳು ಅಂದರೆ ನನ್ನ ಪಕ್ಕದ ಸೀಟಿನಲ್ಲಿದ್ದವಳು. ಅಪ್ಪನನ್ನು ಆಡಿಕೊಂಡದ್ದಕ್ಕೆ ದೊಡ್ಡಮ್ಮನ ಮೇಲೆ ಹಾಯಲು ಅವಳು ಅಷ್ಟು ಹೊತ್ತೂ ಕತ್ತಿ ಮಸೆಯುತ್ತಿದ್ದಳು. ಕಿಟಕಿಯ ಕಡೆ ಮುಖ ಮಾಡಿಕೊಂಡು ಮೂಗೊರೆಸಿಕೊಂಡಳು. ದೊಡ್ಡಮ್ಮ ತಂಗಿಯ ಕಡೆ ವಾಲಿದರು. "ಪ್ಯಾಂಟು ಎಳ್ಕೊಳ್ಳೋದು ಸರಿಯಾಗಿತ್ತೇನೇ?" ಅಂದರು. "ಎಡಗಡೆ ಇನ್ನೂ ಸ್ವಲ್ಪ ಜಾಸ್ತಿ ಎಳೀತಿದ್ರು" ಅಂದರು ಅತ್ತೆ. ಇಬ್ಬರೂ ಮತ್ತೆ ನಗಲು ಹತ್ತಿದರು. ಮನೆ ಬರುವವರೆಗೆ ನಿಲ್ಲಿಸಲಿಲ್ಲ.

ಅಲ್ಲಿಂದ ನನ್ನ ಮನೆಯ ನೆಮ್ಮದಿ ಕೆಟ್ಟಿತು. ಅಷ್ಟು ಕಾಲ ಕೂಡಿಟ್ಟ ಮಾತು ಕಟ್ಟೆಯೊಡೆದು ಹರಿಯಿತು. ಬೆಳಿಗ್ಗೆ ಎದ್ದರೆ ಮಾತು, ಬಟ್ಟೆ ಒಣಹಾಕುವಾಗ ಮಾತು, ಒಬ್ಬರು ಬಚ್ಚಲಿನಲ್ಲಿದ್ದರೆ ಇನ್ನೊಬ್ಬರು ಬಾಗಿಲಿಗೆ ಒರಗಿ ಮಾತು. ಜಗಳವೂ ಆಗುತ್ತಿತ್ತು, ಸತ್ತ ಒಂದು ಬೆಕ್ಕು ಯಾರದು ಅಂತ ಮೂರು ದಿನ ಜಗಳವಾಡಿದರು. ಅತ್ತೆಗೆ ಅಗಿಯಲಾಗದು, ಆದ್ದರಿಂದ ಪ್ರತಿ ಊಟವನ್ನೂ ದೊಡ್ಡಮ್ಮ ತಾವೇ ಕೈಯಾರೆ ಹಿಸುಕಿ ಮೆತ್ತಗೆ ಮಾಡಿ ಕೊಡುತ್ತಿದ್ದರು. "ಸ್ವಲ್ಪ ಗಟ್ಟಿ ಇದೆ ಅಕ್ಕಾ" ಅಂತ ಇವರು ಮೂಗೆಳೆಯುವುದು, "ತಿನ್ನೇ ಸುಮ್ನೆ, ಮಿಡತೆ" ಅಂತ ಅವರು ಗದರಿಸುವುದು. ನಾನಂತೂ ಕಿವಿಗೆ ಹತ್ತಿ ತುರುಕಿಕೊಂಡು ಕೂತು, ಅತ್ತೆಯ ಹಳೆಯ ಅಚ್ಚು ತೆಗೆದು ಹೊಸ ಸೆಟ್ಟಿಗೆ ಕೈ ಹಾಕಿದೆ. ಈ ಸಲ ಎಷ್ಟು ನಕ್ಕರೂ ಕಳಚದ ಹಾಗೆ, ಒಸಡಿಗೆ ಕಚ್ಚಿಕೂರುವ ಹಾಗೆ ಮಾಡಿದೆ. ಸಂದನ್ನು ದೊಡ್ಡಮ್ಮನ ಬಾಯಿ ನೋಡಿಕೊಂಡೇ ಬಿಟ್ಟೆ. ನನ್ನ ಕಸುಬಿನಲ್ಲೇ ಅಂಥ ಸೆಟ್ಟು ಇನ್ನೊಂದಿಲ್ಲ.

ಅತ್ತೆಗೆ ತೋರಿಸಿದೆ. ಅವರು ಬಾಗಿಲ ಕಡೆ ನೋಡಿ, ಸದ್ದಡಗಿಸಿ ಅಂದರು: "ಒಳಗಿಡಿ, ಒಳಗಿಡಿ! ನನಗೆ ಹಲ್ಲು ಬಂದ್ರೆ ಅವಳು ಹೊರಡ್ತಾಳೆ. ಪ್ಲಾಸ್ಟರ್ ಒಣಗಿಲ್ಲ ಅಂತ ಹೇಳಿ."

ಹೊಸ ಸೆಟ್ಟು ಖಾನೆಗೆ ಹೋಯಿತು. ಕೆಲಸಗಾರನ ಹೊಟ್ಟೆಯುರಿ ಯಾರಿಗೆ ಹೇಳುವುದು?

ಕೊನೆಗೊಂದು ಮಧ್ಯಾಹ್ನ ಅಧ್ಯಕ್ಷರ ಫೋನ್ ಬಂತು. ಮರಿಗಳೆಲ್ಲ ಹಾರಿವೆ, ಅಕ್ಕೋರು ಮನೆಗೆ ಬರಬಹುದು ಅಂದರು. ಹಲ್ಲೂ ಕಂಡಿದೆಯಂತೆ, ಆದರೆ ಅದರಡಿ ಒಂದು ಏಡಿ ಸಂಸಾರ ಹೂಡಿದೆಯಂತೆ. ಎಬ್ಬಿಸುವುದು ನಿಯಮಕ್ಕೆ ವಿರುದ್ಧವಂತೆ. ನಾನು ಮಾಡಿದ ಸೆಟ್ಟು ಯಾರಿಗಾದರೂ ಸರಿಯಾಗಿ ಹೊಂದಿತಲ್ಲ, ಸಂತೋಷ.

ಫೋನಿಟ್ಟ ಕೂಡಲೇ ದೊಡ್ಡಮ್ಮ ರಬ್ಬರ್ ಬೂಟು ಕೈಯಲ್ಲಿ ಹಿಡಿದು ನನ್ನ ಕೋಣೆಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಅಳಿಯಂದ್ರೇ, ಇವಳ ಹಲ್ಲು ಎಲ್ಲಿಗೆ ಬಂತು? ಅದೊಂದು ಆದ್ರೆ ನಾನು ಹೊರಡ್ಬೇಕು. ಕಣಿವೆ ಏನಾಗಿದೆಯೋ ಏನೋ."

"ಪ್ಲಾಸ್ಟರ್ ಇನ್ನೂ ಒಣಗಿಲ್ಲ ದೊಡ್ಡಮ್ಮ" ಅಂದೆ.

ಅವರು ಕಿಟಕಿಯಾಚೆ ನೋಡಿದರು. ಹೊರಗೆ ಕಾಗೆ ಕೂಡ ನೆರಳಿನಿಂದ ಕದಲದಂಥ ಬಿಸಿಲು. ನನ್ನ ಮುಖ ನೋಡಿದರು. ಹಲ್ಲು ಮಾಡಿ ಗೊತ್ತೇ ಹೊರತು ಸುಳ್ಳು ಹೇಳಿ ಗೊತ್ತಿಲ್ಲದ ನನ್ನ ಕಣ್ಣು ಹಾಳಾದ್ದು ಖಾನೆಯ ಕಡೆಗೇ ಹೊರಳಿತು. ಅವರು ಸೀದಾ ಬಂದು ಖಾನೆ ಎಳೆದರು.

ಸೆಟ್ಟನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಆ ಸಂದನ್ನು ಮುಟ್ಟಿದರು, ಆಮೇಲೆ ಬಾಯಿಗೆ ಬೆರಳು ಹಾಕಿ ತಮ್ಮ ಸಂದನ್ನೂ ಮುಟ್ಟಿಕೊಂಡರು. ಅವರ ಗಲ್ಲ ಅದುರುತ್ತಿತ್ತು. ಈ ಸಲ ಮಾವನ ಬೈರಿಗೆಯ ಅಭಿನಯವಲ್ಲ.

"ಅಕ್ಕಾ! ಎಲ್ಲಿ ಹಾಳಾಗಿ ಹೋದ್ಯೇ?" ಅಂತ ಒಳಗಿನಿಂದ ಬೊಚ್ಚುಬಾಯಿಯ ಕೂಗು ಬಂತು.

ದೊಡ್ಡಮ್ಮ ಸೆಟ್ಟನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಮಗ್ಗುಲಲ್ಲೇ ಇಟ್ಟರು. ಖಾನೆ ಮುಚ್ಚಿದರು. ನನ್ನ ಕಡೆ ತಿರುಗಿ ಅಂಗೈ ಕೆಳಗೆ ಮಾಡಿದರು.

"ಬಂದೆ ಕಣೇ ಮಿಡತೆ!" ಅಂದರು, ಊರಿನ ಹಕ್ಕಿಗಳೆಲ್ಲ ಎದ್ದು ಹೋಗುವಷ್ಟು ಜೋರಾಗಿ. "ಪ್ಲಾಸ್ಟರ್ ಇನ್ನೂ ಒಣಗಿಲ್ವಂತೆ!"